ನೀರೊಳಗೆ ಸ್ಕೂಟರ್ ಕೈಕೊಟ್ಟಾಗ, ಸೆಳವು ಎಳೆದಾಗ

ನನ್ನ ಎಂಟನೆಯದೋ ಒಂಬತ್ತನೆಯದೋ ಸ್ಕೂಟರ್ ಡೈವ್. ಸ್ಕೂಟರ್ ಅಂದರೆ ಬ್ಯಾಟರಿಯಿಂದ ಪ್ರೊಪೆಲ್ಲರ್ ತಿರುಗಿಸಿ, ಹಿಡಿದುಕೊಂಡ ಡೈವರನ್ನು ನೀರೊಳಗೆ ಎಳೆದೊಯ್ಯುವ ಯಂತ್ರ. ಆಳ 18 ಮೀಟರ್, ನೀರು ತಿಳಿ. ಅವತ್ತು ಸ್ಕೂಟರ್ ಬಹಳ ಚೆನ್ನಾಗಿ ಓಡುತ್ತಿದೆ ಅಂದುಕೊಂಡು ಖುಷಿಯಿಂದ ಹೋಗುತ್ತಿದ್ದೆ. ಹನ್ನೆರಡನೇ ನಿಮಿಷಕ್ಕೆ, ಬಾಡಿಗೆಗೆ ತಂದಿದ್ದ ಆ ಸ್ಕೂಟರ್ ಸದ್ದಿಲ್ಲದೆ ನಿಂತುಹೋಯಿತು. ಸ್ಕೂಟರ್ ನಿಂತಿತು, ನಾನು ನಿಲ್ಲಲಿಲ್ಲ. ತಳದ ಕಲ್ಲುಗಳು ಒಂದೊಂದಾಗಿ ನನ್ನ ಕೆಳಗೆ ಹಿಂದಕ್ಕೆ ಸರಿಯುತ್ತಲೇ ಇದ್ದವು. ಅಲ್ಲಿಯವರೆಗೆ ಓಡುತ್ತಿದ್ದದ್ದು ಬರೀ ಸ್ಕೂಟರ್ ಅಲ್ಲ, ನೀರೂ ಓಡುತ್ತಿತ್ತು. ತಿರುಗಿ ಫಿನ್ ಬಡಿದೆ. ಒಂದು ಕಲ್ಲಿನ ಪಕ್ಕದಲ್ಲೇ ಉಳಿದೆ, ಮುಂದೆ ಹೋಗಲು ಆಗಲಿಲ್ಲ.

ಅವತ್ತು ಜೊತೆಗಾರ ಹತ್ತಿರವೇ ಇದ್ದ. ಇಬ್ಬರೂ ಎಸ್‌ಎಂಬಿ (ಗಾಳಿ ತುಂಬಿ ಮೇಲಕ್ಕೆ ಬಿಡುವ ಉದ್ದನೆಯ ಬಣ್ಣದ ಬಲೂನು) ಬಿಟ್ಟು, ನಿಧಾನವಾಗಿ ಮೇಲೆ ಬಂದೆವು. ದೋಣಿ ಬಂದು ಎತ್ತಿಕೊಂಡಿತು. ಏನೂ ಆಗಲಿಲ್ಲ. ಆದರೆ ಆ ಹನ್ನೆರಡು ನಿಮಿಷಗಳಲ್ಲಿ ಸ್ಕೂಟರ್ ನನ್ನಿಂದ ಎರಡು ವಿಷಯ ಮುಚ್ಚಿಟ್ಟಿತ್ತು: ನಾನು ಎಷ್ಟು ದೂರ ಬಂದಿದ್ದೇನೆ, ನೀರು ಯಾವ ಕಡೆಗೆ ಎಳೆಯುತ್ತಿದೆ. ಕಾಲಲ್ಲಿ ಈಜುವವರಿಗೆ ಇವೆರಡೂ ತೊಡೆಯ ನೋವಿನಲ್ಲೇ ಗೊತ್ತಾಗುತ್ತವೆ. ಸ್ಕೂಟರ್ ಹಿಡಿದವರು ಲೆಕ್ಕ ಹಾಕಿಯೇ ತಿಳಿಯಬೇಕು. ಈ ಲೇಖನದ ಹೆಚ್ಚಿನ ಭಾಗ ಆ ಲೆಕ್ಕದ ಬಗ್ಗೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ನೇರವಾಗಿ ನೀರಿಗಿಳಿಯಬೇಡಿ. ಸ್ಕೂಟರ್ ಡೈವಿಂಗ್‌ಗೆ ಬೇರೆಯೇ ತರಬೇತಿ ಇದೆ. ಅದನ್ನು ಮುಗಿಸಿದವರಿಗೆ, ಮುಗಿಸುತ್ತಿರುವವರಿಗೆ ಇದು ಜೊತೆ ಓದು.

ಹಂತ 1: ದೂರವನ್ನು ಕಾಲಲ್ಲಿ ಅಳೆಯಿರಿ, ಬ್ಯಾಟರಿಯಲ್ಲಲ್ಲ

ಕಾಗದ, ಪೆನ್ನು ತೆಗೆದುಕೊಳ್ಳಿ. ಡೈವ್‌ಗೆ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಟ್ಟರೆ ಸಾಕು.

ನಿಮ್ಮ ಹತ್ತಿರ 12 ಲೀಟರ್ ಟ್ಯಾಂಕ್ ಇದೆ, ಅದರಲ್ಲಿ 200 ಬಾರ್ (ಒತ್ತಡದ ಅಳತೆ) ಗಾಳಿ ಇದೆ ಅಂದುಕೊಳ್ಳಿ. ಒಟ್ಟು 2400 ಲೀಟರ್. ಆಳ 20 ಮೀಟರ್. ಅಲ್ಲಿ ಒತ್ತಡ ಮೇಲಿನದರ ಮೂರರಷ್ಟು, ಹಾಗಾಗಿ ಗಾಳಿಯೂ ಮೂರರಷ್ಟು ಖರ್ಚಾಗುತ್ತದೆ. ಸ್ಕೂಟರ್ ಮೇಲೆ ಆರಾಮಾಗಿ ಹೋಗುವಾಗ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 15 ಲೀಟರ್ ಉಸಿರಾಡುತ್ತೀರಿ ಅನ್ನೋಣ. ಅಂದರೆ 20 ಮೀಟರ್ ಆಳದಲ್ಲಿ 45 ಲೀಟರ್. ಸ್ಕೂಟರ್ ನಿಮಿಷಕ್ಕೆ 50 ಮೀಟರ್ ಓಡುತ್ತದೆ. ಹದಿನೈದು ನಿಮಿಷಕ್ಕೆ 750 ಮೀಟರ್ ದೂರ, 675 ಲೀಟರ್ ಗಾಳಿ ಖರ್ಚು. ಗೇಜ್ ನೋಡಿದರೆ ಇನ್ನೂ 140 ಬಾರ್‌ಗಿಂತ ಜಾಸ್ತಿ ಇದೆ. ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಅಲ್ಲಿ ಸ್ಕೂಟರ್ ಕೈಕೊಟ್ಟಿತು ಅನ್ನಿ. ಈಗ ಸತ್ತ ಸ್ಕೂಟರನ್ನು ಎಳೆದುಕೊಂಡು ಈಜಬೇಕು. ವೇಗ ನಿಮಿಷಕ್ಕೆ 15 ಮೀಟರ್ ಸಿಕ್ಕರೆ ಪುಣ್ಯ. ಕಾಲು ಬಡಿಯುವುದರಿಂದ ಉಸಿರು ಏರಿ, ಮೇಲ್ಮೈ ಲೆಕ್ಕದಲ್ಲಿ 20 ಲೀಟರ್, ಆಳದಲ್ಲಿ 60 ಲೀಟರ್ ಆಗುತ್ತದೆ. 750 ಮೀಟರ್‌ಗೆ 50 ನಿಮಿಷ, 3000 ಲೀಟರ್ ಬೇಕು. ಉಳಿದಿರುವುದು 1725. ಕೊನೆಯ ಉಸಿರಿನವರೆಗೂ ಈಜಿದರೂ 430 ಮೀಟರ್ ಮಾತ್ರ ಹೋಗಬಹುದು. ಇದು ಸೆಳವೇ ಇಲ್ಲದ ನೀರಿನ ಲೆಕ್ಕ. ಎದುರಿಂದ ನಿಮಿಷಕ್ಕೆ 10 ಮೀಟರ್ ಸೆಳವು ಇದ್ದರೆ ನಿಮ್ಮ ನಿಜವಾದ ವೇಗ 5 ಮೀಟರ್. ಬೇಕಾಗುವ ಸಮಯ ಎರಡೂವರೆ ಗಂಟೆ!

ಹಾಗಾದರೆ ಎಷ್ಟು ದೂರ ಹೋಗಬಹುದು? 50 ಬಾರ್, ಅಂದರೆ 600 ಲೀಟರ್ ಮುಟ್ಟದೆ ಬದಿಗಿಡಿ. ಕೈಯಲ್ಲಿ ಉಳಿಯುವುದು 1800. ಹೋಗುವಾಗ ಪ್ರತಿ ಮೀಟರ್‌ಗೆ 0.9 ಲೀಟರ್, ಬರುವಾಗ ಈಜಿದರೆ ಪ್ರತಿ ಮೀಟರ್‌ಗೆ 4 ಲೀಟರ್. ಕೂಡಿಸಿದರೆ 4.9. ಅಂದರೆ ಸುಮಾರು 360 ಮೀಟರ್. ಏಳು ನಿಮಿಷದ ದಾರಿ, ಅಷ್ಟೇ. ಹೋಗುವಾಗ ಬೆನ್ನಿಗೆ ನಿಮಿಷಕ್ಕೆ 5 ಮೀಟರ್‌ನ ಸಣ್ಣ ಸೆಳವು ಇದ್ದರೂ ಅದು 260 ಮೀಟರ್‌ಗೆ ಇಳಿಯುತ್ತದೆ. ಹೊರಟ ಜಾಗಕ್ಕೇ ನೀರೊಳಗಿನಿಂದ ವಾಪಸ್ ಬರಬೇಕಾದ ಡೈವ್ ಆಗಿದ್ದರೆ ಈ ಗೆರೆಯನ್ನು ದಾಟಬೇಡಿ. ಬ್ಯಾಟರಿ ಒಂದು ಗಂಟೆ ಬರುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ತೆರೆದ ನೀರು, ಮೇಲೆ ಹಿಂಬಾಲಿಸುವ ದೋಣಿ, ಡಿಕಂಪ್ರೆಷನ್ (ಮೇಲೆ ಬರುವ ದಾರಿಯಲ್ಲಿ ಕಡ್ಡಾಯವಾಗಿ ಮಾಡಬೇಕಾದ ನಿಲುಗಡೆ) ಬಾಕಿ ಇಲ್ಲ ಅನ್ನುವಾಗ ಲೆಕ್ಕ ಸಡಿಲವಾಗುತ್ತದೆ. ಯಾವಾಗ ಬೇಕಾದರೂ ಮೇಲೆ ಬರಬಹುದು. ಗುಹೆ, ಮುಳುಗಿದ ಹಡಗಿನ ಒಳಭಾಗ ಇಂಥ ಕಡೆ ಆ ದಾರಿ ಇಲ್ಲ. ಅದಕ್ಕೇ ದೂರದ ಗುಹೆಗಳಿಗೆ ಹೋಗುವವರು ಇನ್ನೊಂದು ಸ್ಕೂಟರನ್ನೇ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ.

ನಿಮ್ಮ ಸಂಖ್ಯೆ ನನ್ನ ಸಂಖ್ಯೆ ಆಗುವುದಿಲ್ಲ. ಒಂದು ದಿನ ಶಾಂತ ನೀರಿನಲ್ಲಿ 30 ಮೀಟರ್ ಹಗ್ಗ ಹಾಸಿ, ಆಫ್ ಮಾಡಿದ ಸ್ಕೂಟರ್ ಎಳೆದುಕೊಂಡು ಈಜಿ, ಸಮಯ ನೋಡಿ. ಗಾಳಿ ಎಷ್ಟು ಖರ್ಚಾಯಿತು ಬರೆದುಕೊಳ್ಳಿ. ಸುಮ್ನೆ ಊಹೆ ಮಾಡಬೇಡಿ.

ಬ್ಯಾಟರಿಯ ಲೆಕ್ಕವೂ ಬೇಕು, ಆದರೆ ಅದು ಎರಡನೆಯದು. ಮೂರನೇ ಒಂದು ಭಾಗ ಹೋಗಲು, ಇನ್ನೊಂದು ಬರಲು, ಮತ್ತೊಂದು ಜೊತೆಗಾರನನ್ನು ಎಳೆದು ತರಲು. ತಯಾರಕರು ಹೇಳುವ ಸಮಯ ಹೊಸ ಬ್ಯಾಟರಿಯದು. ಹಳೆಯದಾದಂತೆ, ನೀರು ತಣ್ಣಗಾದಂತೆ ಅದು ಕಡಿಮೆಯಾಗುತ್ತದೆ. ವೇಗದ ಆಸೆಯೂ ಬ್ಯಾಟರಿಯನ್ನು ತಿನ್ನುತ್ತದೆ. ನೀರಿನಲ್ಲಿ ವೇಗ ಎರಡರಷ್ಟಾದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ. ಸ್ವಲ್ಪ ನಿಧಾನ ಮಾಡಿದರೂ ತುಂಬ ಉಳಿಯುತ್ತದೆ.

ಹಂತ 2: ದಡದಲ್ಲೇ ಹುಳುಕು ಹುಡುಕಿ

ಮೊದಲು ಓ-ರಿಂಗ್, ಅಂದರೆ ನೀರು ಒಳಬಾರದಂತೆ ಜೋಡಣೆಯಲ್ಲಿ ಕೂರಿಸಿದ ರಬ್ಬರ್ ಬಳೆ, ನೋಡಿ. ಒಂದು ಕೂದಲು, ಒಂದು ಮರಳಿನ ಕಣ ಸಾಕು ನೀರು ಒಳಗೆ ಬರಲು. ಬೆರಳಲ್ಲಿ ಸವರಿ, ಸೀಳು ಇದೆಯಾ ನೋಡಿ, ತೆಳುವಾಗಿ ಗ್ರೀಸ್ ಹಚ್ಚಿ. ಟ್ರಿಗರನ್ನು ಹತ್ತು ಸಲ ಒತ್ತಿ ಬಿಡಿ. ಬಿಟ್ಟ ತಕ್ಷಣ ತಾನಾಗಿ ಹಿಂದಕ್ಕೆ ಬರಬೇಕು. ಒಂದೇ ಒಂದು ಸಲ ತಡವಾಗಿ ಬಂದರೂ ಆ ಸ್ಕೂಟರ್ ಅವತ್ತು ನೀರಿಗೆ ಬೇಡ. ಪ್ರೊಪೆಲ್ಲರ್‌ನಲ್ಲಿ ಬಿರುಕು, ಸುತ್ತಿಕೊಂಡ ಮೀನಿನ ದಾರ ಇದೆಯಾ ನೋಡಿ. ಸ್ಕೂಟರನ್ನು ನಿಮ್ಮ ಪಟ್ಟಿಗೆ ಸಿಕ್ಕಿಸುವ ಎಳೆಹಗ್ಗ ಎಲ್ಲಾದರೂ ಸವೆದಿದ್ದರೆ ಬದಲಾಯಿಸಿ.

ಆಮೇಲೆ ಮುಖ್ಯ ಸ್ವಿಚ್. ಅದು ಎಲ್ಲಿದೆ, ಯಾವ ಕಡೆ ತಿರುಗುತ್ತದೆ ಅನ್ನುವುದು ಕಣ್ಣು ಮುಚ್ಚಿದರೂ, ಕೈಗವಸು ಹಾಕಿದರೂ ಕೈಗೆ ಗೊತ್ತಿರಬೇಕು. ಬಾಡಿಗೆ ಸ್ಕೂಟರ್ ಆದರೆ ಕೊಡುವವರ ಮುಂದೆಯೇ ಇದನ್ನು ಮಾಡಿ. ಕೇಳಲು ನಾಚಿಕೆ ಬೇಡ. ಜೊತೆಗಾರನ ಸ್ಕೂಟರಿನ ಸ್ವಿಚ್ಚೂ ತಿಳಿದಿರಲಿ.

ಮೈಮೇಲೆ ನೇತಾಡುವ ಎಲ್ಲವನ್ನೂ ಒಳಗೆ ಸೇರಿಸಿ: ಗೇಜಿನ ಹೋಸ್, ಪಟ್ಟಿಗಳ ತುದಿ, ಉದ್ದ ಕೂದಲು. ಪ್ರೊಪೆಲ್ಲರ್ ಇವನ್ನೆಲ್ಲ ಹಿಡಿದು ಸುತ್ತಿಬಿಡುತ್ತದೆ. ದಾರ ಕತ್ತರಿಸುವ ಚಿಕ್ಕ ಕಟರ್ ಎರಡೂ ಕೈಗೆ ಸಿಗುವ ಜಾಗದಲ್ಲಿರಲಿ. ಎಸ್‌ಎಂಬಿ, ಅದರ ಹಗ್ಗದ ರೀಲು, ಸೀಟಿ, ಕನ್ನಡಿ, ಟಾರ್ಚ್ ಇವು ಪ್ರತಿಯೊಬ್ಬರ ಹತ್ತಿರವೂ ಇರಬೇಕು. ಇಬ್ಬರಿಗೆ ಸೇರಿ ಒಂದು ಅನ್ನುವುದು ಸ್ಕೂಟರ್ ಡೈವ್‌ನಲ್ಲಿ ನಡೆಯುವುದಿಲ್ಲ. ಯಾಕೆಂದರೆ ನೀವು ನಿಮಿಷಕ್ಕೆ 50 ಮೀಟರ್ ಹೋಗುತ್ತಿರುವಾಗ ಜೊತೆಗಾರ ನಿಂತರೆ, 10 ಮೀಟರ್ ಕಾಣುವ ನೀರಿನಲ್ಲಿ ಅವನು 12 ಸೆಕೆಂಡಿಗೆ ಮಾಯ. ಒಬ್ಬರ ಹಿಂದೆ ಒಬ್ಬರು ಹೋಗಬೇಡಿ. ಪಕ್ಕಪಕ್ಕ ಹೋಗಿ, ನಿಧಾನ ಇರುವವರ ವೇಗಕ್ಕೆ ಇಬ್ಬರೂ ಹೊಂದಿಕೊಳ್ಳಿ. ಬೇರೆಯಾದರೆ ಒಂದು ನಿಮಿಷ ಹುಡುಕಿ ಮೇಲೆ ಬರುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಹಂತ 3: ಸೆಳವನ್ನು ಓದುವುದು

ಉಬ್ಬರ ಇಳಿತದ ಪಟ್ಟಿ ನೋಡದೆ ಹೊರಡಬೇಡಿ. ಸಾಮಾನ್ಯವಾಗಿ ಆರು ಗಂಟೆಗೆ ಸ್ವಲ್ಪ ಜಾಸ್ತಿ ಹೊತ್ತು ನೀರು ಏರುತ್ತದೆ, ಮತ್ತೆ ಅಷ್ಟೇ ಹೊತ್ತು ಇಳಿಯುತ್ತದೆ. ಮಧ್ಯದ ಎರಡು ಗಂಟೆ ಓಟ ಜೋರು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೂ ಜೋರು. ಅಷ್ಟಮಿಯ ಹೊತ್ತಿಗೆ ಮೆತ್ತಗೆ. ಏರಿಕೆ ಇಳಿಕೆಯ ನಡುವೆ ನೀರು ತುಸು ಹೊತ್ತು ನಿಲ್ಲುತ್ತದೆ, ಡೈವ್‌ಗೆ ಅದೇ ಒಳ್ಳೆಯ ಸಮಯ. ಆದರೆ ಸೆಳವು ನಿಲ್ಲುವ ಗಳಿಗೆ ಪಟ್ಟಿಯಲ್ಲಿರುವ ಉಬ್ಬರದ ಗಳಿಗೆಗೇ ಸರಿಯಾಗಿ ಬರುತ್ತದೆ ಅಂತಿಲ್ಲ. ಆ ಜಾಗದಲ್ಲಿ ದೋಣಿ ಓಡಿಸುವವರನ್ನು ಕೇಳಿ.

ನೀರಿಗಿಳಿದ ಮೇಲೆ ಮೀನುಗಳನ್ನು ನೋಡಿ. ಅವು ಸಾಮಾನ್ಯವಾಗಿ ಸೆಳವಿಗೆ ಮುಖ ಮಾಡಿ ನಿಂತಿರುತ್ತವೆ. ಮೆತ್ತನೆಯ ಹವಳ, ಜೊಂಡು ಯಾವ ಕಡೆ ಬಾಗಿದೆ ನೋಡಿ. ನಿಮ್ಮ ಉಸಿರಿನ ಗುಳ್ಳೆಗಳು ಓರೆಯಾಗಿ ಹೋಗುತ್ತಿವೆಯಾ? ಗುಳ್ಳೆ ಕೆಳಕ್ಕೆ ಎಳೆದುಕೊಂಡು ಹೋಗುತ್ತಿದ್ದರೆ ಅದು ದೊಡ್ಡ ಎಚ್ಚರಿಕೆ, ತಕ್ಷಣ ಆ ಜಾಗ ಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರತಿ ಮೂರು ನಾಲ್ಕು ನಿಮಿಷಕ್ಕೊಮ್ಮೆ ಟ್ರಿಗರ್ ಬಿಟ್ಟು ನಿಲ್ಲಿ. ಕಾಲು ಆಡಿಸಬೇಡಿ. ತಳದ ಒಂದು ಕಲ್ಲನ್ನು ಗುರುತಿಟ್ಟುಕೊಂಡು ಎಣಿಸಿ. 20 ಸೆಕೆಂಡಿನಲ್ಲಿ 10 ಮೀಟರ್ ಸರಿದರೆ ಅದು ಸುಮಾರು ಒಂದು ನಾಟ್ (ಸಮುದ್ರದಲ್ಲಿ ಬಳಸುವ ವೇಗದ ಅಳತೆ). ಹೆಚ್ಚಿನ ಡೈವರ್‌ಗಳು ಅಂಥ ನೀರಿಗೆ ಎದುರಾಗಿ ಕೆಲವು ನಿಮಿಷಕ್ಕಿಂತ ಜಾಸ್ತಿ ಈಜಲಾರರು. ನನ್ನ ಆ ಡೈವ್‌ನಲ್ಲಿ ನಾನು ಮಾಡದೆ ಬಿಟ್ಟದ್ದು ಇದನ್ನೇ.

ಇನ್ನೊಂದು ಹಳೆಯ ಕಟ್ಟಳೆ: ಹೋಗುವಾಗ ಸೆಳವಿಗೆ ಎದುರಾಗಿ ಹೋಗಿ, ಬರುವಾಗ ಅದರ ಜೊತೆ ಬನ್ನಿ. ಹಾಗೆ ಹೋದರೆ ಸ್ಕೂಟರ್ ಸತ್ತರೂ ನೀರೇ ನಿಮ್ಮನ್ನು ಮನೆಯ ಕಡೆ ತರುತ್ತದೆ.

ಹಂತ 4: ಕೈಕೊಟ್ಟಾಗ

ಏನೇ ಆಗಲಿ, ಮೊದಲ ಕೆಲಸ ಒಂದೇ. ಬೆರಳು ಬಿಡಿ. ನಿಲ್ಲಿ. ಉಸಿರಾಡಿ. ಸ್ಕೂಟರ್ ಓಡುತ್ತಿರುವಾಗಲೇ ತೊಂದರೆ ಸರಿಮಾಡಲು ಹೋದರೆ ತೊಂದರೆಯ ಜೊತೆ ಆಳವೂ ಬದಲಾಗುತ್ತದೆ, ಜೊತೆಗಾರನೂ ಕಳೆದುಹೋಗುತ್ತಾನೆ.

ಸತ್ತ ಸ್ಕೂಟರ್. ಇದು ಸುಲಭದ್ದು. ಮುಖ್ಯ ಸ್ವಿಚ್ ಒಮ್ಮೆ ಆರಿಸಿ ಹಾಕಿ ನೋಡಿ. ಹತ್ತಲಿಲ್ಲವೆಂದರೆ ಆರಿಸಿಬಿಡಿ, ಟ್ರಿಗರ್ ಲಾಕ್ ಮಾಡಿ, ಪಟ್ಟಿಯ ಹಿಂದಿನ ಲೋಹದ ಬಳೆಯಾದ ಡಿ-ರಿಂಗ್‌ಗೆ ಸಿಕ್ಕಿಸಿ ಕಾಲುಗಳ ನಡುವೆ ಹಿಂದಕ್ಕೆ ತೂಗಾಡಲು ಬಿಡಿ. ಜೊತೆಗಾರನಿಗೆ ಟಾರ್ಚಿನಲ್ಲಿ ಸನ್ನೆ ಮಾಡಿ. ಡೈವ್ ಅಲ್ಲಿಗೆ ಮುಗಿಯಿತು, ಇನ್ನು ವಾಪಸ್ ಹೋಗುವುದೊಂದೇ.

ನಿಲ್ಲದ ಸ್ಕೂಟರ್. ನನಗೆ ಹೆಚ್ಚು ಭಯ ಇರುವುದು ಇದರದ್ದೇ. ಟ್ರಿಗರ್ ಬಿಟ್ಟರೂ ಓಡುತ್ತಲೇ ಇರುತ್ತದೆ. ಎಳೆಹಗ್ಗ ನಿಮ್ಮ ಸೊಂಟದ ಕೆಳಗಿನ ಪಟ್ಟಿಗೆ ಸಿಕ್ಕಿಕೊಂಡಿರುವಾಗ ಕೈ ಬಿಟ್ಟರೆ ಅದು ನಿಮ್ಮನ್ನು ಎತ್ತ ಬೇಕಾದರತ್ತ ಎಳೆಯುತ್ತದೆ. ಆದ್ದರಿಂದ ಕೈ ಬಿಡಬೇಡಿ. ಮೂತಿಯನ್ನು ಮೇಲಕ್ಕೂ ಬೇಡ, ಕೆಳಕ್ಕೂ ಬೇಡ, ಸಮಮಟ್ಟದಲ್ಲಿ ಹಿಡಿದು ಅದೇ ಆಳದಲ್ಲಿ ಚಿಕ್ಕ ವೃತ್ತ ಹೊಡೆಯಿರಿ. ಗಾಣದ ಎತ್ತಿನ ಹಾಗೆ ಅದು ಸುತ್ತುತ್ತಿರಲಿ. ಟ್ರಿಗರನ್ನು ಎರಡು ಮೂರು ಸಲ ಒತ್ತಿ ಬಿಡಿ, ಮರಳು ಸಿಕ್ಕಿದ್ದರೆ ಬಿಟ್ಟುಕೊಳ್ಳಬಹುದು. ವೇಗವನ್ನು ತೀರಾ ಕೆಳಕ್ಕೆ ಇಳಿಸಿ. ಮುಖ್ಯ ಸ್ವಿಚ್ ಆರಿಸಿ. ಇಷ್ಟಾದರೂ ನಿಲ್ಲದಿದ್ದರೆ, ಸುತ್ತ ಯಾರೂ ಇಲ್ಲದ ಕಡೆಗೆ ಮೂತಿ ತಿರುಗಿಸಿ, ಮೊದಲು ಕೊಕ್ಕೆ ಬಿಡಿಸಿ, ಆಮೇಲೆ ಕೈ ಬಿಡಿ. ಹೋದರೆ ಹೋಗಲಿ. ಓಡುವ ಪ್ರೊಪೆಲ್ಲರ್‌ಗೆ ಕೈ ಹಾಕಬೇಡಿ. ಕೆಲವು ಮಾದರಿಗಳಲ್ಲಿ ಹಿಡಿದರೆ ನಿಲ್ಲುವ ಕ್ಲಚ್ ಇರುತ್ತದೆ. ನಿಮ್ಮದು ಅಂಥದ್ದು ಅಂತ ಕೈಪಿಡಿಯಲ್ಲಿ ಓದಿ, ಕಲಿಸುವವರ ಮುಂದೆ ಮಾಡಿ ನೋಡಿದ್ದರೆ ಮಾತ್ರ ಆ ಯೋಚನೆ.

ನೀರು ನುಗ್ಗಿದ ಸ್ಕೂಟರ್. ಮೂತಿ ಭಾರವಾಗುತ್ತದೆ, ಜೋಡಣೆಯ ಹತ್ತಿರ ಗುಳ್ಳೆ ಬರುತ್ತದೆ, ಮೋಟಾರಿನ ಸದ್ದು ಬದಲಾಗುತ್ತದೆ. ಆರಿಸಿ. ಸ್ವಲ್ಪ ಹೊತ್ತಿಗೆ ಅದು ಹಲವು ಕಿಲೋ ಭಾರದ ಕಲ್ಲಾಗುತ್ತದೆ. ಇಲ್ಲಿ ಎಲ್ಲರಿಗೂ ಬರುವ ಮೊದಲ ಯೋಚನೆ, ಬಿಸಿಡಿಗೆ (ತೇಲಲು ಗಾಳಿ ತುಂಬುವ ಜಾಕೆಟ್) ಗಾಳಿ ತುಂಬಿ ಸ್ಕೂಟರನ್ನು ಹೊತ್ತುಕೊಂಡು ಮೇಲೆ ಹೋಗೋಣ ಅನ್ನುವುದು. ದಯವಿಟ್ಟು ಬೇಡ. ಅರ್ಧ ದಾರಿಯಲ್ಲಿ ಅದು ಜಾರಿದರೆ ಉಬ್ಬಿದ ಬಿಸಿಡಿ ನಿಮ್ಮನ್ನು ಬಾಣದಂತೆ ಮೇಲಕ್ಕೆ ಎಸೆಯುತ್ತದೆ. ಎತ್ತುವ ಚೀಲ ಇದ್ದು, ಅದರ ಅಭ್ಯಾಸವೂ ಇದ್ದರೆ ಅದಕ್ಕೆ ಕಟ್ಟಿ. ಇಲ್ಲದಿದ್ದರೆ ಕೊಕ್ಕೆ ಬಿಡಿಸಿ ತಳದಲ್ಲಿ ಬಿಟ್ಟು ಬನ್ನಿ. ಎಷ್ಟೇ ದುಬಾರಿಯಾದರೂ ಅದು ವಸ್ತು.

ದಾರ ಸುತ್ತಿಕೊಂಡರೆ ಮೊದಲು ಮುಖ್ಯ ಸ್ವಿಚ್ ಆರಿಸಿ, ಆಮೇಲೆ ಕಟರ್ ತೆಗೆಯಿರಿ. ಈ ಕ್ರಮ ಎಂದೂ ತಿರುಗುಮುರುಗಾಗಬಾರದು.

ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಉಸಿರಿಗೆ ಕೊಡುವ, ಬಾಯಲ್ಲಿ ಹಿಡಿಯುವ ಸಾಧನ) ತಾನಾಗಿ ಗಾಳಿ ಉಗುಳುವುದು ಸ್ಕೂಟರಿನಲ್ಲಿ ಜಾಸ್ತಿ. ಎದುರಿನ ನೀರು ಅದರ ಗಾಳಿ ಬಿಡುವ ಪರ್ಜ್ ಗುಂಡಿಯನ್ನು ಒತ್ತಿದಂತೆ ಆಗುತ್ತದೆ. ನಿಂತರೆ ಬಹಳ ಸಲ ತಾನೇ ಸರಿಯಾಗುತ್ತದೆ. ಉಗುಳುತ್ತಿರುವುದು ಆಕ್ಟೋಪಸ್ (ಹೆಚ್ಚುವರಿ ರೆಗ್ಯುಲೇಟರ್) ಆಗಿದ್ದರೆ ಬಾಯಿಯ ಭಾಗವನ್ನು ಕೆಳಮುಖ ಮಾಡಿ ಹಿಡಿಯಿರಿ. ನಿಲ್ಲದಿದ್ದರೆ ಗಾಳಿ ವೇಗವಾಗಿ ಖಾಲಿಯಾಗುತ್ತದೆ, ಜೊತೆಗಾರನ ಗಾಳಿಗೆ ಬದಲಾಗಿ ಮೇಲೆ ಹೊರಡಿ.

ಹಂತ 5: ಎಳೆದು ತರುವುದು

ಒಂದು ಸ್ಕೂಟರ್ ಓಡುತ್ತಿದ್ದರೆ ಇಬ್ಬರೂ ಬರಬಹುದು. ಎಳೆಸಿಕೊಳ್ಳುವವರು ಎಳೆಯುವವರ ಸೊಂಟದ ಕೆಳಗಿನ ಪಟ್ಟಿಯನ್ನೋ ಹಿಂದಿನ ಡಿ-ರಿಂಗನ್ನೋ ಒಂದು ಕೈಯಲ್ಲಿ ಹಿಡಿದು, ತುಸು ಪಕ್ಕಕ್ಕೆ, ತುಸು ಮೇಲಕ್ಕೆ ಇರಬೇಕು. ಪ್ರೊಪೆಲ್ಲರ್ ತಳ್ಳುವ ನೀರು ಮೈಗೆ ಬಡಿಯಬಾರದು. ಮೈ ಚಪ್ಪಟೆಯಾಗಿರಲಿ, ಕಾಲು ಇಳಿಬಿಡಬೇಡಿ. ವೇಗ ಇಳಿಯುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಮೂರನೇ ಭಾಗವನ್ನು ಉಳಿಸಿದ್ದು ಇದಕ್ಕೇ. ಎಳೆಯುವವರಿಗೆ ಹಿಂದೆ ಕಾಣುವುದಿಲ್ಲ, ಆದ್ದರಿಂದ ಸ್ಪರ್ಶದ ಸನ್ನೆ ಮಾತಾಡಿಕೊಳ್ಳಿ: ಒಂದು ಸಲ ಹಿಸುಕಿದರೆ ನಿಲ್ಲು, ಎರಡು ಸಲ ಹಿಸುಕಿದರೆ ಹೋಗು, ಹೀಗೆ. ಆರು ಮೀಟರ್ ಆಳದ ಶಾಂತ ನೀರಿನಲ್ಲಿ ಇದನ್ನು ಮೂರು ನಾಲ್ಕು ಸಲ ಅಭ್ಯಾಸ ಮಾಡಿ. ಮೊದಲ ಸಲ ಖಂಡಿತ ಗೋಜಲಾಗುತ್ತದೆ. ಆ ಗೋಜಲು ಅಲ್ಲೇ ಆಗಿ ಮುಗಿಯಲಿ.

ಹಂತ 6: ಸೆಳವು ಹಿಡಿದಾಗ

ಎದುರು ಸೆಳವಿಗೆ ಸಿಕ್ಕರೆ ತಳಕ್ಕೆ ಹತ್ತಿರ ಇಳಿಯಿರಿ, ಆದರೆ ನಿಮ್ಮ ಆಳದ ಮಿತಿ ಮೀರದಂತೆ. ತಳದ ಉಜ್ಜುವಿಕೆಯಿಂದ ಅಲ್ಲಿ ನೀರು ನಿಧಾನ. ದೊಡ್ಡ ಬಂಡೆಯ ಮರೆಯಲ್ಲಿ ಇನ್ನೂ ನಿಧಾನ, ಅಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳಿ. ಸ್ಕೂಟರ್ ಓಡುತ್ತಿದ್ದರೂ ಸೆಳವಿಗೆ ನೇರ ಎದೆ ಕೊಡಬೇಡಿ. ನದಿ ದಾಟುವ ದೋಣಿಯಂತೆ ಓರೆಯಾಗಿ ಹಿಡಿದು ಅದರಿಂದ ಪಕ್ಕಕ್ಕೆ ಬನ್ನಿ.

ಸ್ಕೂಟರ್ ಇಲ್ಲದೆ ಸೆಳವಿನ ಜೊತೆ ಕುಸ್ತಿಗೆ ಬಿದ್ದರೆ ಮೊದಲು ಏದುಸಿರು ಬರುತ್ತದೆ. ಆಳದಲ್ಲಿ ಗಾಳಿ ದಟ್ಟ. ಏದುಸಿರಿನಲ್ಲಿ ದೇಹದ ಇಂಗಾಲದ ಡೈಆಕ್ಸೈಡ್ ಸರಿಯಾಗಿ ಹೊರಹೋಗುವುದಿಲ್ಲ, ತಲೆ ಮಂಕಾಗುತ್ತದೆ, ಭಯ ಹೆಚ್ಚುತ್ತದೆ. ಉಸಿರು ಏರುತ್ತಿದೆ ಅನ್ನಿಸಿದ ಕೂಡಲೇ ಈಜು ನಿಲ್ಲಿಸಿ. ಹಿಡಿಯಲು ಕಲ್ಲಿದ್ದರೆ ಹಿಡಿಯಿರಿ. ಇಲ್ಲದಿದ್ದರೆ ನೀರು ಒಯ್ಯಲಿ. ಎಸ್‌ಎಂಬಿ ಬಿಟ್ಟು ಅದರ ಹಗ್ಗ ಹಿಡಿದು ಮೇಲೆ ಬರುವುದೇ ಸರಿಯಾದ ದಾರಿ. ಸೋತಂತಲ್ಲ.

ಕೆಳಕ್ಕೆ ಎಳೆಯುವ ಸೆಳವು ಸಾಮಾನ್ಯವಾಗಿ ನೀರೊಳಗಿನ ಗೋಡೆಯ ಅಂಚಿನಲ್ಲಿ ಸಿಗುತ್ತದೆ. ಕಿವಿ ಒತ್ತುತ್ತದೆ, ಕಂಪ್ಯೂಟರಿನಲ್ಲಿ ಆಳ ಏರುತ್ತದೆ. ಸ್ಕೂಟರನ್ನು ನೇರ ಮೇಲಕ್ಕೆ ತಿರುಗಿಸಬೇಡಿ. ಸೆಳವು ಹಠಾತ್ತನೆ ಬಿಟ್ಟರೆ ಸ್ಕೂಟರ್ ನಿಮ್ಮನ್ನು ಮೇಲಕ್ಕೆ ಹೊತ್ತೊಯ್ಯುತ್ತದೆ. ಗೋಡೆಯಿಂದ ದೂರಕ್ಕೆ, ಅಡ್ಡಕ್ಕೆ ಓಡಿಸಿ. ಇಂಥ ಸೆಳವು ಹೆಚ್ಚಾಗಿ ಕಿರಿದಾಗಿರುತ್ತದೆ. ಸ್ಕೂಟರ್ ಇಲ್ಲವೆಂದರೆ ಗೋಡೆಯನ್ನು ಹಿಡಿದು ಓರೆಯಾಗಿ ಏರಿ. ಬಿಸಿಡಿಗೆ ಗಾಳಿ ಬೇಕಾದರೆ ಸ್ವಲ್ಪ ಸ್ವಲ್ಪವೇ ಹಾಕಿ, ಸೆಳವು ಬಿಟ್ಟ ಕ್ಷಣ ಹೊರಬಿಡಲು ಕೈ ಸಿದ್ಧವಿರಲಿ.

ಹಂತ 7: ಮೇಲೆ ಬರುವುದು

ಸ್ಕೂಟರ್ ಆರಿಸಿ, ಹಿಂದಕ್ಕೆ ಸಿಕ್ಕಿಸಿ, ಕಾಲಿನಿಂದಲೇ ಏರಿ. ಸ್ಕೂಟರ್ ಓಡಿಸಿಕೊಂಡು ಮೇಲೆ ಬರುವುದು ಎಂದಿಗೂ ಬೇಡ. ನಿಮಿಷಕ್ಕೆ 9 ಮೀಟರ್ ಅನ್ನುವ ಮಿತಿಯನ್ನು ಅದು ಕ್ಷಣದಲ್ಲೇ ಮೀರಿಸಬಲ್ಲದು. 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಿ, ಎಸ್‌ಎಂಬಿ ಮೇಲೆ ನಿಂತಿರಲಿ. ಸೆಳವು ಒಯ್ಯುತ್ತಿದ್ದರೂ ಗಾಳಿ ಇರುವವರೆಗೆ ಈ ನಿಲುಗಡೆ ಬಿಡಬೇಡಿ.

ಮೇಲೆ ಬಂದ ಮೇಲೆ ಬಿಸಿಡಿ ಪೂರ್ತಿ ತುಂಬಿ. ದೋಣಿ ಕಾಣದಿದ್ದರೂ ಅದರ ಹಿಂದೆ ಈಜಿ ಸುಸ್ತಾಗಬೇಡಿ. ಇಬ್ಬರೂ ಕೈ ಹಿಡಿದುಕೊಂಡು ಎಸ್‌ಎಂಬಿ ಎತ್ತಿ ಹಿಡಿಯಿರಿ. ದಡಕ್ಕೆ ಹೋಗಬೇಕಾಗಿ ಬಂದು, ನೀರು ದಡದಿಂದ ಹೊರಕ್ಕೆ ಎಳೆಯುತ್ತಿದ್ದರೆ ದಡಕ್ಕೆ ಸಮಾನಾಂತರವಾಗಿ ಹೋಗಿ, ಎಳೆತ ಕಡಿಮೆಯಾದ ಮೇಲೆ ತಿರುಗಿ. ದೋಣಿ ಬಂದಾಗ ಮೊದಲು ಸ್ಕೂಟರನ್ನು ಬಿಚ್ಚಿ ಮೇಲಿನವರ ಕೈಗೆ ಕೊಡಿ, ಆಮೇಲೆ ಏಣಿ ಹತ್ತಿ. ಅದು ಸೊಂಟಕ್ಕೆ ನೇತಾಡುತ್ತಿರುವಾಗ ಏಣಿಯಲ್ಲಿ ಅಲೆ ಹೊಡೆದರೆ ಕಾಲು ಮುರಿಯಬಹುದು.

ಆ ಸ್ಕೂಟರಿನೊಳಗೆ ನೀರು ಹೋಗಿದೆ ಅನ್ನುವ ಅನುಮಾನ ಇದ್ದರೆ ಮೇಲಿನವರಿಗೆ ತಕ್ಷಣ ಕೂಗಿ ಹೇಳಿ. ಉಪ್ಪುನೀರು ತಾಗಿದ ಲಿಥಿಯಂ ಬ್ಯಾಟರಿ ಬಿಸಿಯಾಗಬಹುದು, ಒಳಗೆ ಅನಿಲ ತುಂಬಿ ಒತ್ತಡ ಏರಬಹುದು, ಬೆಂಕಿಯೂ ಹತ್ತಬಹುದು. ಅದನ್ನು ದೋಣಿಯಲ್ಲಿ ತೆರೆಯಬೇಡಿ. ಮುಖವನ್ನು ಅದರ ಮುಚ್ಚಳದ ಕಡೆ ತರಬೇಡಿ. ಗಾಳಿಯಾಡುವ ತೆರೆದ ಜಾಗದಲ್ಲಿ, ಟ್ಯಾಂಕ್‌ಗಳಿಂದಲೂ ಇಂಧನದಿಂದಲೂ ಜನರಿಂದಲೂ ದೂರ ಇಟ್ಟು, ದಡ ಸೇರುವವರೆಗೆ ಒಬ್ಬರು ಅದರ ಮೇಲೆ ಕಣ್ಣಿಟ್ಟಿರಲಿ.